ಕೈಗೆ ಸಿಗುವ ಜಾಗ

ಕಳೆದ ತಿಂಗಳು ತಿಕೋಟಾದಲ್ಲಿ ನನ್ನ ಗೆಳತಿಯೊಬ್ಬಳ ಅತ್ತೆ ತೀರಿಕೊಂಡರು. ಮಾತನಾಡಿಸಿ ಬರಲು ಹೋಗಿದ್ದೆ. ಹೆಂಗಸರೆಲ್ಲ ಒಳಗಿನ ಕೋಣೆಯಲ್ಲಿ ಜಮಖಾನೆಯ ಮೇಲೆ ಕುಳಿತಿದ್ದರು. ನನಗೆ ಸಿಕ್ಕಿದ್ದು ಕಿಟಕಿಯ ಪಕ್ಕದ ಜಾಗ. ಆ ಕಿಟಕಿಯ ಕಟ್ಟೆಯ ಮೇಲೆ ತೀರಿಕೊಂಡವರ ಔಷಧಗಳು ಹಾಗೇ ಉಳಿದಿದ್ದವು. ಅರ್ಧ ಖಾಲಿಯಾದ ಬಾಟಲಿಗಳು, ಮೊಣಕಾಲಿಗೆ ಹಚ್ಚುವ ಮುಲಾಮು, ಗುಳಿಗೆಯ ಡಬ್ಬಿ. ಒಬ್ಬರು ಅಳುತ್ತಿದ್ದರು, ಇನ್ನೊಬ್ಬರು ಸಮಾಧಾನ ಹೇಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಕೋಣೆ ಯಾಕೋ ಸುಮ್ಮನಾದಂತೆ ಅನ್ನಿಸಿ ತಲೆ ಎತ್ತಿದರೆ ಎಲ್ಲರೂ ನನ್ನ ಕೈಗಳನ್ನೇ ನೋಡುತ್ತಿದ್ದರು. ನಾನು ಆ ಬಾಟಲಿಗಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ, ಹೆಸರಿನ ಚೀಟಿ ಮುಂದೆ ಬರುವಂತೆ ಒಂದೊಂದನ್ನೇ ತಿರುಗಿಸುತ್ತಿದ್ದೆ. ತೀರಿಕೊಂಡವರ ಮಗಳು ಮೆಲ್ಲಗೆ, "ಬಿಡ್ರಿ, ಇನ್ನ ಅವು ಯಾರಿಗೂ ಬ್ಯಾಡ" ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಇದು ನನ್ನ ಕಸುಬು ನನಗೆ ಅಂಟಿಸಿದ ಚಾಳಿ. ಯಾರ ಮನೆಗೆ ಹೋದರೂ ಅಡುಗೆಮನೆಯ ಡಬ್ಬಿಗಳು ಬೆನ್ನು ತಿರುಗಿಸಿ ನಿಂತಿದ್ದರೆ ನನಗೆ ಕುಳಿತಲ್ಲಿ ಕೂರಲಾಗುವುದಿಲ್ಲ. ಮದುವೆ ಮನೆಯಲ್ಲಿ ನೀರಿನ ಬಾಟಲಿ ಹೊಂದಿಸಿದ್ದೇನೆ. ದವಾಖಾನೆಯ ಹೊರಗೆ ಗುರುತಿಲ್ಲದವರ ಚಪ್ಪಲಿ ಜೋಡಿಸಿ ಬೈಸಿಕೊಂಡಿದ್ದೇನೆ. ನನ್ನ ಗಂಡ ನಮ್ಮ ಮನೆಯ ಸಕ್ಕರೆ ಡಬ್ಬಿಯನ್ನು ಬೇಕೆಂದೇ ಉಲ್ಟಾ ಇಟ್ಟು, ನಾನು ಎಷ್ಟು ಹೊತ್ತು ತಡೆದುಕೊಳ್ಳುತ್ತೇನೆ ಎಂದು ಓರೆಗಣ್ಣಿನಲ್ಲಿ ನೋಡುತ್ತಾನೆ. ಬಹಳ ಹೊತ್ತೇನೂ ಅವನು ಕಾಯಬೇಕಾಗಿಲ್ಲ.

ನನ್ನ ಕೆಲಸಕ್ಕೆ ಮರ್ಚಂಡೈಸರ್ ಎಂದು ಹೆಸರು. ಅದು ಏನು ಕೆಲಸ ಎಂದು ನಮ್ಮ ಮನೆಯಲ್ಲಿ ಯಾರಿಗೂ ಇನ್ನೂ ಸರಿಯಾಗಿ ತಿಳಿದಿಲ್ಲ. ಅಮ್ಮಿ ಕೇಳಿದವರಿಗೆಲ್ಲ 'ಕಂಪನಿಯಲ್ಲಿದ್ದಾಳೆ' ಎಂದು ಹೇಳಿ ಮಾತು ತಿರುಗಿಸುತ್ತಾಳೆ. ಮಂದಿಯ ಅಂಗಡಿಯ ಸಾಮಾನು ಹೊಂದಿಸುವುದಕ್ಕೂ ಪಗಾರ ಕೊಡುವ ಜನ ಇದ್ದಾರಾ ಎಂದು ನನ್ನ ಅತ್ತೆ ಕೇಳಿದ್ದು ನನ್ನ ಮದುವೆಯಾದ ಹೊಸದರಲ್ಲಿ. ಇವತ್ತಿಗೂ ಅವರು ಪೂರ್ತಿ ನಂಬಿಲ್ಲ. ಹಳ್ಳಿಗಳಲ್ಲಿ ನನ್ನ ಹೆಸರು ಶಮೀಮಾ ಎಂದು ಗೊತ್ತಿರುವವರು ಕಡಿಮೆ. ನಾನು ಬಿಸ್ಕೀಟ ಮೇಡಮ್.

ಕಂಪನಿಯ ಹೆಸರು ಬೇಡ. ನೀವು ಚಹಾದಲ್ಲಿ ಅದ್ದಿ ತಿಂದಿರುತ್ತೀರಿ, ಅಷ್ಟು ಸಾಕು. ವಿಜಯಪುರದ ದೊಡ್ಡ ಅಂಗಡಿಗಳಿಗೆ ಹೋಗಿ ನಮ್ಮ ಪೊಟ್ಟಣಗಳ ಧೂಳು ಒರೆಸಬೇಕು, ಹಳೆಯ ಮಾಲನ್ನು ಮುಂದಕ್ಕೂ ಹೊಸದನ್ನು ಹಿಂದಕ್ಕೂ ಸರಿಸಬೇಕು, ಎಲ್ಲದರ ಮುಖವೂ ಗಿರಾಕಿಯ ಕಡೆ ಇರಬೇಕು. ಗಿರಾಕಿ ನಿಂತು ನೋಡಿದರೆ ಕಣ್ಣಿಗೆ ನೇರ ಬೀಳುವ ಸಾಲು ಯಾರದ್ದು ಎಂಬುದರ ಮೇಲೆ ನಮ್ಮ ಬದುಕು ನಿಂತಿದೆ. ಆ ಒಂದು ಸಾಲಿಗಾಗಿ ಬೇರೆ ಕಂಪನಿಯ ಹುಡುಗಿಯ ಜೊತೆ ನಾನು ನಡೆಸಿದ ಯುದ್ಧಗಳನ್ನು ಹೇಳಿದರೆ ನೀವು ನಗುತ್ತೀರಿ. ನಾನು ಚಹಾ ಕುಡಿದು ಬರುವಷ್ಟರಲ್ಲಿ ಅವಳು ನನ್ನ ಮಾಲನ್ನು ಕೆಳಗಿನ ಸಾಲಿಗೆ ಇಳಿಸಿರುತ್ತಿದ್ದಳು. ಅವಳು ಊಟಕ್ಕೆ ಹೋದಾಗ ಅವಳ ಮಾಲು ನೆಲ ಕಾಣುತ್ತಿತ್ತು. ಮಧ್ಯಾಹ್ನ ಇಬ್ಬರೂ ಒಂದೇ ಮೆಟ್ಟಿಲ ಮೇಲೆ ಕುಳಿತು ಡಬ್ಬಿ ಬಿಚ್ಚುತ್ತಿದ್ದೆವು, ಅದು ಬೇರೆ ಮಾತು.

ವಾರದಲ್ಲಿ ಕೆಲವು ದಿನ ಹಳ್ಳಿಗಳ ಸರದಿ. ದೊಡ್ಡ ಊರುಗಳ ಆಯ್ದ ಅಂಗಡಿಗಳಲ್ಲಿ ಕಂಪನಿ ತನ್ನ ಕಬ್ಬಿಣದ ಸ್ಟ್ಯಾಂಡು ಇಟ್ಟಿರುತ್ತದೆ. ಅದರಲ್ಲಿ ನಮ್ಮ ಮಾಲು ಬಿಟ್ಟು ಬೇರೆ ಏನೂ ಇರಬಾರದು ಎಂಬುದು ನಿಯಮ. ಘೋಣಸಗಿಯಲ್ಲಿ ಒಮ್ಮೆ ನಮ್ಮ ಸ್ಟ್ಯಾಂಡೇ ಕಾಣೆಯಾಗಿತ್ತು. ಹುಡುಕಿದರೆ ಅದು ಅಂಗಡಿಯವರ ಅಡುಗೆಮನೆಯಲ್ಲಿ ಉಪ್ಪಿನಕಾಯಿ ಭರಣಿಗಳನ್ನು ಹೊತ್ತು ನಿಂತಿತ್ತು. ಮನೆಯಾಕೆ ಅದನ್ನು ಎಷ್ಟು ಚೆಂದ ತೊಳೆದು ಇಟ್ಟುಕೊಂಡಿದ್ದಳೆಂದರೆ ವಾಪಸು ಕೇಳಲು ನನಗೆ ಬಾಯಿ ಬರಲಿಲ್ಲ.

ಹೊಂದಿಸುವ ಈ ಹುಚ್ಚು ಕಂಪನಿ ಕಲಿಸಿದ್ದಲ್ಲ ಎಂದು ಅಬ್ಬಾ ಹೇಳುತ್ತಾರೆ. ಗೋಳಗುಮ್ಮಟದ ಹತ್ತಿರ ಅವರದು ಒಂದು ಸಣ್ಣ ಬಳೆ ಅಂಗಡಿ. ಚಿಕ್ಕವಳಿದ್ದಾಗ ಶಾಲೆ ಬಿಟ್ಟ ಕೂಡಲೇ ಅಲ್ಲಿಗೆ ಹೋಗಿ ಗಾಜಿನ ಬಳೆಗಳನ್ನು ಬಣ್ಣದ ಪ್ರಕಾರ ಕೋಲಿಗೆ ಏರಿಸುವುದು ನನ್ನ ಆಟ. ಗುಮ್ಮಟ ನೋಡಲು ಬಂದ ಪರ ಊರಿನ ಹೆಂಗಸರು ಬಳೆ ಇಡಿಸಿಕೊಳ್ಳುವಾಗ ಅಬ್ಬಾ ಅವರ ಮುಖ ನೋಡುತ್ತಿರಲಿಲ್ಲ. ಬೆರಳುಗಳನ್ನು ಒಮ್ಮೆ ಮೆಲ್ಲಗೆ ಒತ್ತಿ ನೋಡಿ ಅಳತೆ ಹೇಳಿಬಿಡುತ್ತಿದ್ದರು. ಮುರಿದ ಚೂರುಗಳನ್ನೆಲ್ಲ ನಾನು ಒಂದು ತಗಡಿನ ಡಬ್ಬಿಯಲ್ಲಿ ಕೂಡಿಡುತ್ತಿದ್ದೆ. ಬಿಸಿಲಿಗೆ ಹಿಡಿದರೆ ಗೋಡೆಯ ಮೇಲೆ ಹಸಿರು, ಕೆಂಪು ಚುಕ್ಕೆಗಳು ಕುಣಿಯುತ್ತಿದ್ದವು. ನೋಡುವುದು ಎಂಬುದು ಎಷ್ಟು ದೊಡ್ಡ ಸುಖ ಎಂದು ಆಗ ಯಾರಾದರೂ ಹೇಳಿದ್ದರೆ ಅರ್ಥವಾಗುತ್ತಿರಲಿಲ್ಲ.

ಇದನ್ನೆಲ್ಲ ಹೇಳುತ್ತಾ ಎಲ್ಲಿಗೆ ಹೊರಟಿದ್ದೇನೆಂದರೆ, ಬಬಲೇಶ್ವರದ ಬಸಲಿಂಗಪ್ಪನವರ ಅಂಗಡಿಗೆ.

ಬಬಲೇಶ್ವರದ ಸರದಿ ಗುರುವಾರ. ಬಸಲಿಂಗಪ್ಪನವರದು ಹಳೆಯ ಕಿರಾಣಿ ಅಂಗಡಿ. ಮುಂದೆ ಒಂದು ಕೋಣೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಬಾಗಿಲು. ಒಳಗೆ ಹಗಲಿನಲ್ಲೂ ನಸುಗತ್ತಲೆ. ಅವರದು ಬಿಳಿ ಧೋತರ, ತಲೆಗೆ ಬಿಳಿ ಟೊಪ್ಪಿಗೆ, ಗಟ್ಟಿ ದನಿ. ಅವರ ಹೆಂಡತಿ ನೀಲವ್ವ ಮೊಣಕಾಲು ನೋವಿನಿಂದಾಗಿ ಹೆಚ್ಚಾಗಿ ಮನೆಯೊಳಗೇ ಇರುತ್ತಿದ್ದರು. ನಡುವಿನ ಬಾಗಿಲಿನಿಂದ ಅವರ ಮಾತು ಬರುತ್ತಿತ್ತೇ ಹೊರತು ಅವರು ಬರುತ್ತಿದ್ದುದು ಅಪರೂಪ. ಒಬ್ಬನೇ ಮಗ ಸಾರವಾಡದಲ್ಲಿ ಹೆಂಡತಿಯ ತವರಿನ ಹೊಲದ ಪಕ್ಕ ಮನೆ ಮಾಡಿಕೊಂಡು ಟ್ರ್ಯಾಕ್ಟರ್ ಬಾಡಿಗೆಗೆ ಓಡಿಸುತ್ತಿದ್ದ. ಒಳ್ಳೆಯವನು, ವಾರಕ್ಕೊಮ್ಮೆ ಬಂದು ಹೋಗುತ್ತಿದ್ದ.

ನಾನು ಮೊದಲ ಸಲ ಹೋದಾಗಲೇ ಬಸಲಿಂಗಪ್ಪನವರು ನನ್ನ ಕೈ ಕಟ್ಟಿಹಾಕಿದರು. "ಯವ್ವಾ, ನಿಮ್ಮ ಮಾಲು ಆ ಮೂಲ್ಯಾಗ ಇಡು. ಉಳದದ್ದು ಏನೂ ಮುಟ್ಟಬ್ಯಾಡ" ಅಂದರು. ನಾನು ಸುತ್ತ ನೋಡಿದೆ. ಸಾಬೂನಿನ ಹಿಂದೆ ಸೋಡಾ ಪುಡಿ, ಅದರ ಪಕ್ಕ ಊದುಬತ್ತಿ, ಕೆಳಗೆ ಬೆಲ್ಲ, ಬೆಲ್ಲದ ಪಕ್ಕ ಶಾಂಪೂ. ಯಾವ ಮಾಲು ಎಲ್ಲಿರಬೇಕೆಂದು ಕಂಪನಿಗಳು ಬರೆದು ಕೊಡುವ ಯಾವ ನಕ್ಷೆಯಲ್ಲೂ ಇಂಥ ಜೋಡಣೆ ಇರಲಾರದು. ಮುದುಕರಿಗೆ ಹಟ ಎಂದುಕೊಂಡು, ಮೂಲೆಯಲ್ಲಿದ್ದ ನಮ್ಮ ಸ್ಟ್ಯಾಂಡನ್ನಷ್ಟೇ ಹೊಂದಿಸಿ ಬಂದೆ. ಹೀಗೇ ಬಹಳ ಗುರುವಾರಗಳು ಕಳೆದವು.

ಒಂದು ಬೇಸಿಗೆಯಲ್ಲಿ ಕಂಪನಿಯವರು ಉಪ್ಪು ಬಿಸ್ಕೀಟಿನ ಪೊಟ್ಟಣವನ್ನು ಬದಲಾಯಿಸಿದರು. ಮೊದಲು ಅದು ದುಂಡಗಿತ್ತು. ಈಗ ಸಿಹಿ ಬಿಸ್ಕೀಟಿನ ಹಾಗೆ ಚೌಕ ಮಾಡಿದರು. ಬಣ್ಣ ಮಾತ್ರ ಬೇರೆ, ಸಿಹಿ ಹಳದಿ, ಉಪ್ಪಿನದು ನೀಲಿ. ನಾನು ಬಸಲಿಂಗಪ್ಪನವರ ಅಂಗಡಿಯಲ್ಲಿದ್ದಾಗಲೇ ಓಣಿಯ ಹೆಂಗಸೊಬ್ಬಳು ವಾಪಸು ಬಂದು, ಸಿಹಿ ಕೇಳಿದರೆ ನಿನ್ನೆಯೂ ಉಪ್ಪಿನದು ಕೊಟ್ಟಿರಿ, ಇವತ್ತೂ ಅದೇ ಕೊಟ್ಟಿರಿ, ಮಗು ತಿನ್ನುತ್ತಿಲ್ಲ ಎಂದು ಪೊಟ್ಟಣ ಮುಂದಿಟ್ಟಳು. ಬಸಲಿಂಗಪ್ಪನವರು ಗದರಿದರು. ನೀನೇ ಸರಿಯಾಗಿ ಕೇಳಿಲ್ಲ ಎಂದರು. ಆದರೆ ಬದಲಿ ಕೊಡಲು ಹೋದವರು ಎರಡೂ ಪೊಟ್ಟಣಗಳನ್ನು ಕೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಅಂಚನ್ನು ಸವರುತ್ತಾ ನಿಂತುಬಿಟ್ಟರು. ನಾನೇ ಹಳದಿಯದನ್ನು ತೆಗೆದು ಅವಳಿಗೆ ಕೊಟ್ಟು ಕಳಿಸಿದೆ.

ಅವಳು ಹೋದ ಮೇಲೆ, ಗುರುತು ಹೇಳಿಕೊಡೋಣ ಎಂದು ಒಂದು ಪೊಟ್ಟಣವನ್ನು ಅವರ ಮುಂದೆ ಹಿಡಿದೆ. ಅವರು ತೆಗೆದುಕೊಳ್ಳಲು ಕೈ ಚಾಚಿದರು. ಆ ಕೈ ನನ್ನ ಕೈಯ ಪಕ್ಕದ ಖಾಲಿ ಜಾಗಕ್ಕೆ ಹೋಗಿ ನಿಂತಿತು. ಅಲ್ಲಿ ಒಂದು ಸಲ ಮುಚ್ಚಿ ತೆರೆಯಿತು. ನಾನು ಪೊಟ್ಟಣವನ್ನು ಮೆಲ್ಲಗೆ ಸರಿಸಿ ಅವರ ಬೆರಳಿಗೆ ತಾಗಿಸಿದೆ.

ಅವರು ನಡುವಿನ ಬಾಗಿಲಿನ ಕಡೆ ಕಿವಿ ಕೊಟ್ಟು, ನೀಲವ್ವ ಹತ್ತಿರದಲ್ಲಿಲ್ಲ ಎಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿದರು.

"ಗೊತ್ತಾತಲ್ಲಾ ನಿನಗ. ಬಲಗಣ್ಣು ಪೂರಾ ಹೋಗೈತಿ. ಎಡಗಣ್ಣಿನ್ಯಾಗ, ಒಲಿ ಊದೂ ಕೊಳವಿಯೊಳಗಿಂದ ನೋಡಿದಷ್ಟ ಕಾಣತೈತಿ, ಬಣ್ಣ ತಿಳಿಯೂದಿಲ್ಲ. ಮನ್ಯಾಗ ಹೇಳಿಲ್ಲ. ನೀನೂ ಹೇಳಬ್ಯಾಡ."

ಆಮೇಲೆ ಬಿಡಿಬಿಡಿಯಾಗಿ ಹೇಳಿದರು. ಎರಡು ಮೂರು ವರ್ಷದಿಂದ ಅಂಚಿನಿಂದ ಕತ್ತಲೆ ಒಳಗೆ ಸರಿಯುತ್ತಾ ಬಂದಿದೆ. ಅಂಗಡಿಯಲ್ಲಿ ಯಾವುದು ಎಲ್ಲಿದೆ ಎಂದು ಕೈಗೆ ಗೊತ್ತಿರುವುದರಿಂದ ನಡೆಯುತ್ತಿದೆ. ಗಿರಾಕಿಗಳು ಫೋನಿನಿಂದ ಹಣ ಹಾಕಿದರೆ ಗಲ್ಲೆಯ ಮೇಲಿನ ಪೆಟ್ಟಿಗೆ ತಾನೇ ಕೂಗಿ ಹೇಳುತ್ತದೆ. ಮಗನಿಗೆ ಗೊತ್ತಾದರೆ ಅಂಗಡಿ ಮುಚ್ಚಿಸಿ ಕರೆದುಕೊಂಡು ಹೋಗುತ್ತಾನೆ. ಮೊಬೈಲ್ ಅಂಗಡಿಯವರು ಯಾರೋ ಈ ಕೋಣೆಯನ್ನು ಬಾಡಿಗೆಗೆ ಕೇಳಿಯೂ ಆಗಿದೆ. ಹೋದರೆ ಏನಾಯಿತು ಕಾಕಾ, ಈ ವಯಸ್ಸಿನಲ್ಲಿ ಆರಾಮಾಗಿರಬಹುದಲ್ಲ ಎಂದೆ ನಾನು, ಎಲ್ಲರೂ ಹೇಳುವ ಹಾಗೆ.

"ಅಂಗಡಿ ಮುಚ್ಚಿದ ಮ್ಯಾಲೆ ನಾ ಯಾರು? ಎಲ್ಲಿ ಇಡತಾರ ಅಲ್ಲಿ ಇರೂ ಸಾಮಾನ ಆಗತೇನಿ" ಅಂದರು.

ದಿನವಿಡೀ ಸಾಮಾನುಗಳನ್ನು ಎತ್ತಿ ಇಡುವವಳು ನಾನು. ಹೇಳುವುದಿಲ್ಲ ಎಂದು ಮಾತು ಕೊಟ್ಟು ಬಸ್ಸು ಹತ್ತಿದೆ.

ಮಾತು ಕೊಡುವುದು ಸುಲಭ. ಅದೇ ಹೊತ್ತಿಗೆ ನಮ್ಮ ಸೂಪರ್‌ವೈಸರ್ ಹೊಸ ನಕ್ಷೆ ಕಳಿಸಿದರು. ಬಬಲೇಶ್ವರದ ಅಂಗಡಿಗಳಲ್ಲಿ ನಮ್ಮ ಮಾಲು ಮೂಲೆಯಲ್ಲಿ ಕೊಳೆಯುತ್ತಿದೆ, ಗಲ್ಲೆಯ ಹಿಂದಿನ ನಡು ಫಳಿಗೆ, ಅಂದರೆ ನಡುವಿನ ಹಲಗೆಗೆ ಬರಬೇಕು, ಪ್ರತಿ ವಾರ ಫೋಟೋ ಕಳಿಸಬೇಕು ಎಂದರು. ಬಸಲಿಂಗಪ್ಪನವರ ನಡು ಫಳಿ ಎಂದರೆ ಅವರ ಕೈಗಳ ಮನೆ. ನಾನು ಯೋಚಿಸಿ ಒಂದು ದಾರಿ ಮಾಡಿದೆ. ನಡು ಫಳಿಯ ಸಾಮಾನನ್ನೆಲ್ಲ ಇಳಿಸಿ, ನಮ್ಮ ಮಾಲನ್ನು ನಕ್ಷೆಯಲ್ಲಿದ್ದಂತೆ ಏರಿಸಿ, ಫೋಟೋ ತೆಗೆದು, ಮತ್ತೆ ಎಲ್ಲವನ್ನೂ ಇದ್ದಲ್ಲೇ ಇಡುವುದು. ಬಸಲಿಂಗಪ್ಪನವರು ಪಕ್ಕದಲ್ಲಿ ನಿಂತು ಒಂದೊಂದು ಸಾಮಾನಿನ ಮೇಲೂ ಕೈಯಾಡಿಸುತ್ತಿದ್ದರು. ಊದುಬತ್ತಿ ಒಂದು ಬೆರಳಿನಷ್ಟು ಆಚೆ ಇದ್ದರೂ ಈಚೆ ಸರಿಸುತ್ತಿದ್ದರು. ಹಾಗೆ ಸರಿಸುವಾಗ ಅವರ ಮುಖದಲ್ಲಿ ಬರುವ ಸಮಾಧಾನ ನೋಡಲು ನಾನು ಒಂದೆರಡು ಬಸ್ಸು ತಪ್ಪಿಸಿಕೊಂಡಿದ್ದೇನೆ. ಹೊಸ ಪೊಟ್ಟಣಗಳಿಗೂ ಗುರುತು ಮಾಡಿದೆವು. ಉಪ್ಪಿನದಕ್ಕೆ ಒಂದು ರಬ್ಬರ್ ಬ್ಯಾಂಡು.

ಆದರೆ ಮನಸ್ಸು ಕೇಳುತ್ತಿರಲಿಲ್ಲ. ನಮ್ಮ ಅಮ್ಮಿಗೆ ಮೋತಿಬಿಂದು ಆಗಿ, ಕಣ್ಣಿನ ಪೊರೆ ತೆಗೆಸಿದ ಮರುದಿನವೇ ಅವಳು ಅಟ್ಟದ ಮೇಲಿನ ಜೇಡರ ಬಲೆಯನ್ನು ತೋರಿಸಿ ನನ್ನನ್ನು ಬೈದಿದ್ದಳು. ಅದನ್ನೇ ಹೇಳಿ ಹೇಳಿ ಬಸಲಿಂಗಪ್ಪನವರ ಬೆನ್ನು ಹತ್ತಿದೆ. ವಯಸ್ಸಾದ ಕಣ್ಣು ಅಷ್ಟೇ ಎಂದು ತಳ್ಳಿಹಾಕುತ್ತಿದ್ದವರು ಕಡೆಗೆ ಒಂದು ದಿನ ಒಪ್ಪಿದರು. ಮನೆಯಲ್ಲಿ ಮಾತ್ರ, ಕಂಪನಿಯವರು ವಿಜಯಪುರದಲ್ಲಿ ಅಂಗಡಿಯವರ ಸಭೆ ಕರೆದಿದ್ದಾರೆ ಎಂದು ತಾವೇ ಹೇಳಿದರು. ಹೊರಡುವಾಗ ನೀಲವ್ವ ಬಾಗಿಲ ತನಕ ಬಂದು ನನಗೆ ಹೇಳಿದರು: "ರಸ್ತೆ ದಾಟೂ ಮುಂದ ಕೈ ಹಿಡಿಯವ್ವಾ. ಇತ್ತಿತ್ತಲಾಗ ಬಾಳ ಎಡವತಾರ."

ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ ಕುಳಿತು ಹೊರಗೆ ಮುಖ ಮಾಡಿದ್ದರು. ಏನು ಕಾಣುತ್ತಿತ್ತೋ ಗೊತ್ತಿಲ್ಲ. ತಿರುವಿನಲ್ಲಿ ಬಸ್ಸು ವಾಲಿದಾಗ, ಸಾರವಾಡ ಬಂತು ನೋಡು ಎಂದರು. ಮಗನಿಗೆ ಕಂಡುಬಿಟ್ಟೇವೇನೋ ಎಂಬಂತೆ ಟೊಪ್ಪಿಗೆಯನ್ನು ಸ್ವಲ್ಪ ಕೆಳಕ್ಕೆ ಎಳೆದುಕೊಂಡರು.

ಕಣ್ಣಿನ ದವಾಖಾನೆಯಲ್ಲಿ ಬಹಳ ಹೊತ್ತು ಕಾದೆವು. ಹನಿ ಹಾಕಿದರು, ಯಂತ್ರದ ಮುಂದೆ ಕೂರಿಸಿದರು, ದೀಪ ಬಿಟ್ಟು ನೋಡಿದರು. ಬಸಲಿಂಗಪ್ಪನವರು ಹೊಸ ಹುರುಪಿನಲ್ಲಿ ಆಪರೇಷನ್ ಯಾವಾಗ ಎಂದು ಕೇಳಿದರು. ಡಾಕ್ಟರು ವಯಸ್ಸಿನಲ್ಲಿ ನನಗಿಂತ ಚಿಕ್ಕ ಹೆಣ್ಣುಮಗಳು. ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡು ಕೂತಳು.

"ಕಾಕಾರ, ಇದು ಮೋತಿಬಿಂದು ಅಲ್ರಿ. ಕಣ್ಣಿನ ಒಳಗ ಒತ್ತಡ ಹೆಚ್ಚಾಗಿ ನರ ಒಣಗ್ಯಾವ. ಹ್ವಾದದ್ದು ವಾಪಸ್ ಬರೂದಿಲ್ರಿ. ಉಳದದ್ದು ಉಳಸ್ಕೊಳ್ಳಾಕ ಹನಿ ಬರದ ಕೊಡತೇನಿ, ಒಂದ ಹೊತ್ತೂ ತಪ್ಪಸಬ್ಯಾಡ್ರಿ."

"ಉಳದದ್ದು ಎಷ್ಟ ದಿನ ಉಳೀತೈತ್ರಿ?" ಎಂದು ಅವರು ಕೇಳಿದರು, ಅಂಗಡಿಯಲ್ಲಿ ಮಾಲಿನ ಬಗ್ಗೆ ಕೇಳುವ ದನಿಯಲ್ಲೇ.

ಅವಳು ಸುಳ್ಳು ಹೇಳಲಿಲ್ಲ. ಹೇಳಲಾಗುವುದಿಲ್ಲ, ಹನಿ ಹಾಕುತ್ತಿದ್ದರೆ ಬಹಳ ಕಾಲ ಇರಲೂಬಹುದು, ಇಲ್ಲದೆಯೂ ಇರಬಹುದು ಎಂದಳು. ಮೊದಲೇ ಬಂದಿದ್ದರೆ ಎಂದು ಶುರು ಮಾಡಿ, ಅವರ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದಳು. ಹನಿಯನ್ನು ಹಾಕುವವರು ಮನೆಯಲ್ಲಿ ಯಾರು ಎಂದು ಕೇಳಿದಳು. ಬಸಲಿಂಗಪ್ಪನವರು ಟೊಪ್ಪಿಗೆ ಸರಿಮಾಡಿಕೊಂಡು ಎದ್ದು ನಿಂತರು.

ಹೊರಗೆ ಬಂದು ಬೇವಿನ ಮರದ ಕಟ್ಟೆಯ ಮೇಲೆ ಕೂತೆವು. ಆಸೆ ಹುಟ್ಟಿಸಿ ಕರೆತಂದವಳು ನಾನು. ಅವರು ಮಾತ್ರ, ನಿಮ್ಮಪ್ಪನದು ಬಳೆ ಅಂಗಡಿ ಎಂದಿದ್ದೆಯಲ್ಲ, ಇಲ್ಲಿಂದ ದೂರವೇ ಎಂದು ಕೇಳಿದರು. ಆಟೋ ಮಾಡಿಕೊಂಡು ಹೋದೆವು. ಅಬ್ಬಾ ನಮ್ಮಿಬ್ಬರ ಮುಖವನ್ನೂ ನೋಡಿ, ಕೂರಲು ಸ್ಟೂಲು ಸರಿಸಿದರು. ಬಸಲಿಂಗಪ್ಪನವರು ಹಸಿರು ಗಾಜಿನ ಬಳೆ ಬೇಕು ಎಂದರು. ಅಳತೆ ಕೇಳಿದಾಗ ತಮ್ಮ ಎರಡೂ ಕೈಗಳ ಬೆರಳುಗಳನ್ನು ಕೂಡಿಸಿ ಗಾಳಿಯಲ್ಲಿ ಒಂದು ವೃತ್ತ ಮಾಡಿ ಹಿಡಿದರು. ಅಬ್ಬಾ ಒಂದು ಬಳೆ ತೆಗೆದು ಆ ಬೆರಳುಗಳ ನಡುವೆ ಇಟ್ಟರು. ಅವರು ಅದನ್ನು ಮೆಲ್ಲಗೆ ತಿರುಗಿಸಿ ನೋಡಿ, ಇನ್ನೊಂದು ಚೂರು ದೊಡ್ಡದು ಬೇಕು, ಇತ್ತೀಚೆಗೆ ಅವಳ ಗೆಣ್ಣು ಬಾತಿವೆ ಎಂದರು. ಎರಡನೆಯದು ಸರಿಯಾಯಿತು. ಅಬ್ಬಾ ಕಾಗದದಲ್ಲಿ ಸುತ್ತಿ, ಅದನ್ನು ಅವರ ಕೈಯೊಳಗಿಟ್ಟು, ಆ ಕೈಯನ್ನು ತಮ್ಮ ಎರಡೂ ಕೈಗಳಿಂದ ಒಂದು ಗಳಿಗೆ ಮುಚ್ಚಿದರು.

ಊರು ಮುಟ್ಟಿದಾಗ ಸಂಜೆ ಇನ್ನೂ ಬೆಳಕಿತ್ತು. ನೀಲವ್ವ ಅಂಗಡಿಯಲ್ಲೇ ಕುಳಿತಿದ್ದರು. ಬಳೆಗಳನ್ನು ಬಿಚ್ಚಿ ನೋಡಿ, ನಿಮ್ಮ ಸಭೆಯಲ್ಲಿ ಬಳೆ ಕೊಡುತ್ತಾರೇನು ಎಂದು ನಕ್ಕರು. ಆಗ ಬಸಲಿಂಗಪ್ಪನವರು ಹೇಳಿದರು. ಕಣ್ಣಿನದು, ಡಾಕ್ಟರದು, ಹನಿಯದು, ಎಲ್ಲ. ಹೇಳಿ ಮುಗಿಸುವವರೆಗೂ ನೀಲವ್ವನ ಕೈಯಲ್ಲಿ ಆ ಬಳೆಗಳಿದ್ದವು. ಆಮೇಲೆ ಅವರು ನೋಡಿದ್ದು ಗಂಡನನ್ನಲ್ಲ, ನನ್ನನ್ನು.

"ನಿನಗ ಯಾವಾಗ ಗೊತ್ತಾತು?"

ಬೇಸಿಗೆಯಲ್ಲಿ ಎಂದೆ.

"ಹೊರಗಿನಾಕಿಗೆ ಬ್ಯಾಸಗ್ಯಾಗ ಗೊತ್ತಾಗೈತಿ. ಒಂದ ಮನ್ಯಾಗ ಉಂಡು ಮಲಗೂ ನನಗ ಇವತ್ತ ಹೇಳಾಕತ್ತಾರ" ಎಂದು ಹೇಳಿ ಬಳೆಗಳನ್ನು ಗಲ್ಲೆಯ ಮೇಲಿಟ್ಟು ಒಳಗೆ ಹೋದರು. ನಡುವಿನ ಬಾಗಿಲನ್ನು ಮುಚ್ಚಿಕೊಂಡರು. ಆ ಬಾಗಿಲು ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಾನು ಮಾಡಿದ್ದು ಸರಿಯೋ ತಪ್ಪೋ ಇವತ್ತಿಗೂ ನನಗೆ ಇತ್ಯರ್ಥವಾಗಿಲ್ಲ. ನೀಲವ್ವನ ಜಾಗದಲ್ಲಿ ನಿಂತರೆ ಒಂದು ಥರ ಕಾಣುತ್ತದೆ, ಬಸಲಿಂಗಪ್ಪನವರ ಜಾಗದಲ್ಲಿ ನಿಂತರೆ ಇನ್ನೊಂದು ಥರ.

ಮುಂದಿನ ಗುರುವಾರಗಳು ಕಷ್ಟದವು. ಮೊಣಕಾಲು ನೋವನ್ನು ಹೊತ್ತುಕೊಂಡೇ ನೀಲವ್ವ ಅಂಗಡಿಗೆ ಬಂದು ಕೂತಿದ್ದರು. ಹೊತ್ತು ಹೊತ್ತಿಗೆ ಗಂಡನ ಕಣ್ಣಿಗೆ ಹನಿ ಹಾಕುತ್ತಿದ್ದರು, ಮಾತು ಮಾತ್ರ ಎಷ್ಟು ಬೇಕೋ ಅಷ್ಟು. ಬಸಲಿಂಗಪ್ಪನವರಿಗೆ ಬಾಗಿಲ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಎದ್ದರೆ ಬೀಳುತ್ತೀರಿ, ಕುಂಡ್ರಿ ಎಂದು ಕೂರಿಸಿದ್ದರು. ತಮಗೆ ಬಗ್ಗಲು ಆಗದ ಕಾರಣ ಕೆಳಗಿನ ಸಾಮಾನನ್ನೆಲ್ಲ ಮೇಲಕ್ಕೂ ಮೇಲಿನದನ್ನು ಎಲ್ಲೆಲ್ಲಿಗೋ ಸರಿಸಿದ್ದರು. ಬಂದ ಮಾಲಿನ ಪೆಟ್ಟಿಗೆಗಳು ನಡುವೆಯೇ ಬಿದ್ದಿರುತ್ತಿದ್ದವು. ನನಗೆ ಬಾ ಎನ್ನುತ್ತಿರಲಿಲ್ಲ, ಹೋಗು ಎಂದೂ ಅನ್ನುತ್ತಿರಲಿಲ್ಲ. ನಾನು ನನ್ನ ಮೂಲೆಯನ್ನು ಹೊಂದಿಸಿ, ಕುರ್ಚಿಯಲ್ಲಿದ್ದವರಿಗೆ ಬರುತ್ತೇನೆ ಕಾಕಾ ಎಂದು ಹೇಳಿ ಹೊರಡುತ್ತಿದ್ದೆ. ಅವರು ತಲೆ ಆಡಿಸುತ್ತಿದ್ದರು. ಆ ಗಟ್ಟಿ ದನಿ ಎಲ್ಲಿಗೆ ಹೋಯಿತೋ. ಮಗನೂ ಒಮ್ಮೆ ಬಂದು, ಅಂಗಡಿಯ ಮಾತನ್ನು ಮುಗಿಸಿಬಿಡೋಣ, ಬರುವ ತಿಂಗಳು ಸಾರವಾಡಕ್ಕೆ ಬಂದುಬಿಡಿ ಎಂದು ಹೇಳಿ ಹೋಗಿದ್ದ.

ಹೀಗಿರುವಾಗ ಒಂದು ಗುರುವಾರ ಗಿರಾಕಿಯೊಬ್ಬರು ಸೋಡಾ ಪುಡಿ ಕೇಳಿದರು. ನೀಲವ್ವ ಹುಡುಕಿದರು. ತಾವೇ ಎಲ್ಲೋ ಇಟ್ಟು ಮರೆತಿದ್ದರು. ಕುರ್ಚಿಯಿಂದ ಬಸಲಿಂಗಪ್ಪನವರು, ನಡು ಫಳಿಯ ಎಡಕ್ಕೆ, ಸಾಬೂನಿನ ಹಿಂದೆ ಎಂದರು. ಅಲ್ಲಿ ಇಲ್ಲ ಎಂದು ನೀಲವ್ವ ಅಂದರು. ಅಲ್ಲೇ ಐತಿ ಎಂದು ಅವರು ಎದ್ದರು. ನಲವತ್ತು ವರ್ಷ ನಡೆದ ಜಾಗ. ಅವರ ಹೆಜ್ಜೆಯಲ್ಲಿ ಅನುಮಾನವಿರಲಿಲ್ಲ. ನಾನು ಕೂಗುವಷ್ಟರಲ್ಲಿ ದಾರಿಯಲ್ಲಿದ್ದ ಎಣ್ಣೆಯ ಪೆಟ್ಟಿಗೆಗೆ ಕಾಲು ತಾಗಿ ಮುಂದಕ್ಕೆ ಬಿದ್ದರು. ಹಣೆ ಫಳಿಯ ಅಂಚಿಗೆ ಬಡಿಯಿತು.

ಗಾಯ ದೊಡ್ಡದಾಗಿರಲಿಲ್ಲ. ನಾನೂ ಗಿರಾಕಿಯೂ ಸೇರಿ ಎಬ್ಬಿಸಿ ಕೂರಿಸಿದೆವು. ನೀಲವ್ವ ಸೆರಗಿನಿಂದ ರಕ್ತ ಒತ್ತಿ ಹಿಡಿದರು. ಆದರೆ ಬಸಲಿಂಗಪ್ಪನವರು ಹಣೆಯನ್ನು ಮರೆತು, ಕೈಯನ್ನು ಹಿಂದಕ್ಕೆ ಚಾಚಿ, ಸಾಬೂನಿನ ಹಿಂದಿನ ಜಾಗವನ್ನು ತಡವುತ್ತಲೇ ಇದ್ದರು. ಅಲ್ಲಿ ಸೋಡಾ ಪುಡಿ ಇರಲಿಲ್ಲ. ಸಾಬೂನೂ ಇರಲಿಲ್ಲ. ಅವರ ಬೆರಳುಗಳು ಬರಿಯ ಹಲಗೆಯ ಮೇಲೆ ಆಚೆ ಈಚೆ ಹೋಗುತ್ತಿದ್ದವು.

ನೀಲವ್ವ ಆ ಕೈಯನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಅದೇ ಎಣ್ಣೆಯ ಪೆಟ್ಟಿಗೆಯ ಮೇಲೆ ಕುಸಿದು ಕೂತು, ದನಿಯಿಲ್ಲದೆ ಅತ್ತರು. ಗಿರಾಕಿ ಸುಮ್ಮನೆ ಹೊರಗೆ ಹೋದರು. ನಾನೂ ಹೋಗೋಣವೆಂದು ಚೀಲ ಎತ್ತಿಕೊಂಡೆ.

"ನೀ ಎಲ್ಲಿ ಹೊಂಟಿ?" ಎಂದರು ನೀಲವ್ವ, ಕಣ್ಣೊರೆಸಿಕೊಳ್ಳುತ್ತಾ. "ಮೊದಲ ಹೆಂಗಿತ್ತು ಅಂತ ನನಗ ಗೊತ್ತಿಲ್ಲ. ನಿನಗ ಗೊತ್ತೈತಿ. ತೋರಸು, ಹಂಗ ಇಡೂಣು."

ಅವತ್ತು ಅಂಗಡಿಯ ಅರ್ಧ ಬಾಗಿಲು ಹಾಕಿ ನಾವು ಮೂವರೂ ಎಲ್ಲವನ್ನೂ ಇಳಿಸಿದೆವು. ನಾನು ನೆನಪಿನಿಂದ ಜಾಗ ತೋರಿಸುತ್ತಿದ್ದೆ, ಬಸಲಿಂಗಪ್ಪನವರು ಕೈಯಿಂದ ಅಳೆದು ಸರಿಪಡಿಸುತ್ತಿದ್ದರು, ನೀಲವ್ವ ಒಂದೊಂದನ್ನೂ ಇಡುವ ಮೊದಲು ಜಾಗವನ್ನು ಬಾಯಿಬಿಟ್ಟು ಹೇಳಿಕೊಳ್ಳುತ್ತಿದ್ದರು, ಶಾಲೆಯ ಮಗು ಮಗ್ಗಿ ಹೇಳಿದ ಹಾಗೆ. ಬೆಲ್ಲದ ಪಕ್ಕ ಶಾಂಪೂ ಯಾಕೆ ಎಂದು ಅವರು ನಡುವೆ ಕೇಳಿದರು. ಬೆಲ್ಲ ತೂಗಿದ ಕೈ ಅಂಟಾಗಿರುತ್ತದೆ, ನುಣುಪಾದ ಶಾಂಪೂ ಪೊಟ್ಟಣ ಆ ಕೈಗೆ ಜಾರದೆ ಸಿಗುತ್ತದೆ ಎಂದರು ಬಸಲಿಂಗಪ್ಪನವರು. ಇಷ್ಟು ವರ್ಷ ಹೇಳಿರಲೇ ಇಲ್ಲವಲ್ಲ ಎಂದರು ನೀಲವ್ವ. ನೀ ಕೇಳಿರಲಿಲ್ಲ ಎಂದರು ಅವರು. ಇಬ್ಬರ ನಡುವೆ ಅಷ್ಟು ಮಾತು ನಡೆದದ್ದು ಎಷ್ಟೋ ದಿನಗಳ ಮೇಲೆ.

ಮಗ ಮತ್ತೆ ಬಂದಾಗ ನೀಲವ್ವನೇ ಹೇಳಿದರಂತೆ, ಅಂಗಡಿ ಇರುತ್ತದೆ, ಬೇಕಾದರೆ ನೀನು ವಾರಕ್ಕೊಮ್ಮೆಯ ಬದಲು ಎರಡು ಸಲ ಬಾ ಎಂದು. ಮೊಬೈಲ್ ಅಂಗಡಿಯವರು ಬೇರೆ ಕೋಣೆ ನೋಡಿಕೊಂಡರು. ನಾನು ಸೂಪರ್‌ವೈಸರರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ; ಅವರು, ಆ ಅಂಗಡಿಯನ್ನು ನಕ್ಷೆಯಿಂದ ಬಿಟ್ಟುಬಿಡು, ಸ್ಟ್ಯಾಂಡು ಎತ್ತಿಸು ಎಂದರು. ಸ್ಟ್ಯಾಂಡು ಹೋಯಿತು. ಕೆಲಸದ ಲೆಕ್ಕದಲ್ಲಿ ನಾನು ಅಲ್ಲಿಗೆ ಹೋಗುವ ಕಾರಣವೂ ಹೋಯಿತು. ಆದರೂ ಗುರುವಾರ ಬಸ್ಸಿಗೆ ಕಾಯುವುದನ್ನು ನಾನು ಅವರ ಕಟ್ಟೆಯ ಮೇಲೇ ಕಾಯುತ್ತೇನೆ. ನೀಲವ್ವ ಈಗ ಆ ಹಸಿರು ಬಳೆಗಳನ್ನು ಹಾಕಿಕೊಂಡಿದ್ದಾರೆ. ಆ ಸದ್ದಿನಿಂದ ಅವರು ಅಂಗಡಿಯ ಯಾವ ಕಡೆ ಇದ್ದಾರೆಂದು ಬಸಲಿಂಗಪ್ಪನವರಿಗೆ ತಿಳಿಯುತ್ತದೆ. ಅಡ್ಡ ಬಂದರೆ, ಆಚೆ ಸರಿ ಎಂದು ಗದರುತ್ತಾರೆ.

ಕಣ್ಣು ಅಷ್ಟರಲ್ಲೇ ನಿಲ್ಲಲಿಲ್ಲ. ಹನಿ ಹಾಕುತ್ತಿದ್ದರೂ ಕೊಳವೆ ಇನ್ನೂ ಸಣ್ಣದಾಗುತ್ತಾ ಬಂತು. ಈ ಚಳಿಗಾಲದಲ್ಲಿ ಒಂದು ಗುರುವಾರ ನಾನು ಹೋದಾಗ, ಈಗ ಬೆಳಕು ಯಾವ ಕಡೆಯಿಂದ ಬರುತ್ತದೆ ಎಂಬುದಷ್ಟೇ ಗೊತ್ತಾಗುತ್ತದೆ ಎಂದು ಸಹಜವಾಗಿ ಹೇಳಿದರು. ನನಗೆ ಜೋಳದ ರೊಟ್ಟಿಯ ತಟ್ಟೆ ಕೊಟ್ಟು ನೀಲವ್ವ ಬಾಗಿಲಲ್ಲಿ ನಿಂತಿದ್ದರು.

"ಒಂದು ಉಳೀತು," ಎಂದರು ಬಸಲಿಂಗಪ್ಪನವರು. "ಈ ಹುಡಗಿ ಬಾಗಲದಾಗ ನಿಂತ ಮಾತಾಡತಿದ್ದಳು, ಬೆಳಕು ಹಿಂದ. ಮುಖ ನಾ ಒಮ್ಮೆನೂ ಪೂರಾ ನೋಡಲಿಲ್ಲ. ಹೆಂಗ ಅದಾಳ?"

ನೀಲವ್ವ ನನ್ನ ಹತ್ತಿರ ಬಂದು ನಿಂತರು. ಇಷ್ಟು ದಿನದಲ್ಲಿ ಅವರು ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು. ನೋಡುತ್ತಾ, ಅವಸರವಿಲ್ಲದೆ ಹೇಳತೊಡಗಿದರು.

"ಗಿಡ್ಡನಾಕಿ. ಬಣ್ಣ ಗೋದಿ ಬಣ್ಣ, ಬಿಸಲಿಗೆ ತಿರುಗಿ ಮೂಗು ಕರ್‍ರಗಾಗೈತಿ. ಎಡಗಡೆ ಹುಬ್ಬಿನ್ಯಾಗ ಒಂದ ಕಲಿ ಐತಿ, ಸಣ್ಣಾಕಿದ್ದಾಗ ಬಿದ್ದಿರಬೇಕು. ಕಣ್ಣು ದೊಡ್ಡವು. ರೊಟ್ಟಿ ತಿನ್ನೂ ಮುಂದ ಒಂದ ಬದಿ ಗಲ್ಲ ಉಬ್ಬತೈತಿ."

"ಹೌದೇನು. ದನಿ ಕೇಳಿ ಎತ್ತರದಾಕಿ ಅಂದ್ಕೊಂಡಿದ್ದೆ."

"ಈಗ ಅಳಾಕತ್ತಾಳ" ಎಂದರು ನೀಲವ್ವ.

"ಅಳ್ಲಿ ಬಿಡು," ಎಂದರು ಬಸಲಿಂಗಪ್ಪನವರು. "ಬಸ್ಸಿಗೆ ಇನ್ನೂ ಹೊತ್ತೈತಿ."